ಆಮೇಲಕ್ಕೆ ಎತ್ತಿಡಬಾರದ ಔಷಧಿ

2025ರ ಜನವರಿಯ ಕೊನೆಯ ವಾರ ಬೆಂಗಳೂರಿನ ಹನುಮಂತನಗರದ ಅಕ್ಕನ ಮನೆಯಲ್ಲಿ, ಊಟದ ಮೇಜಿನ ಮೇಲೆ ಎರಡು ಹಾಳೆಗಳನ್ನು ಅಕ್ಕಪಕ್ಕ ಇಟ್ಟುಕೊಂಡು ನಾವು ನಾಲ್ಕು ಜನ ಕುಳಿತಿದ್ದೆವು: ಅಕ್ಕ, ಭಾವ, ಅವರ ಮಗಳು ಮತ್ತು ನಾನು. ಅಕ್ಕನ ಶ್ವಾಸಕೋಶದ ಕ್ಯಾನ್ಸರಿಗೆ ಇದ್ದ ಎರಡು ಚಿಕಿತ್ಸೆಗಳ ಹಾಳೆಗಳು ಅವು; ಎರಡರ ಮೇಲೂ ಅವಳ ಹೆಸರೇ ಇತ್ತು. ಒಂದರಲ್ಲಿ ವೈದ್ಯರು ಒಂದೇ ಸಾಲು ಬರೆದಿದ್ದರು: ಆಸಿಮರ್ಟಿನಿಬ್ 80 ಮಿಲಿಗ್ರಾಂ, ದಿನಕ್ಕೊಂದು ಮಾತ್ರೆ. ಇನ್ನೊಂದರಲ್ಲಿ ಅದೇ ಮಾತ್ರೆಯ ಕೆಳಗೆ ಪೆಮೆಟ್ರೆಕ್ಸೆಡ್ ಮತ್ತು ಕಾರ್ಬೋಪ್ಲಾಟಿನ್ ಎಂಬ ಎರಡು ಕೀಮೋ ಔಷಧಿಗಳಿದ್ದವು. ಮೂರು ವಾರಕ್ಕೊಮ್ಮೆಯಂತೆ ನಾಲ್ಕು ಸಲ ಎರಡನ್ನೂ ಕೊಟ್ಟು, ಅಲ್ಲಿಂದ ಮುಂದೆ ಪೆಮೆಟ್ರೆಕ್ಸೆಡ್ ಒಂದನ್ನೇ ಮುಂದುವರಿಸುವುದೆಂದು ಬರೆದಿತ್ತು. ಸೋಮವಾರದೊಳಗೆ ಯಾವುದೆಂದು ಹೇಳಿ, ಅದೇ ವಾರ ಶುರು ಮಾಡೋಣ ಎಂದು ಕಳುಹಿಸಿದ್ದರು.

ಅಕ್ಕ ಮಾತಾಡುತ್ತಲೇ ನೆನೆಸಿದ ಅವರೆಕಾಳನ್ನು ಹಿಸುಕಿ ಸಿಪ್ಪೆ ತೆಗೆಯುತ್ತಿದ್ದಳು. ‘ಮಾತ್ರೆ ಎಷ್ಟು ದಿನ ಕೆಲಸ ಮಾಡತ್ತೋ ಮಾಡ್ಲಿ ಕಣೋ. ಅದು ನಿಂತ್ಮೇಲೆ ಕೀಮೋ ಇದ್ದೇ ಇದೆಯಲ್ಲ, ಆಮೇಲೆ ತಗೊಂಡ್ರಾಯ್ತು’ ಎಂದಳು. ನನಗೂ ಅದೇ ಸರಿ ಎನಿಸಿತು. ಮೂವತ್ತೊಂದು ವರ್ಷ ಬ್ಯಾಂಕಿನಲ್ಲಿ ದುಡಿದು ನಿವೃತ್ತನಾದವನು ನಾನು. ಕೈಯಲ್ಲಿರುವುದನ್ನೆಲ್ಲ ಒಂದೇ ಸಲ ಖರ್ಚು ಮಾಡಬೇಡಿ, ಕಷ್ಟಕಾಲಕ್ಕೆಂದು ಒಂದಿಷ್ಟು ಠೇವಣಿ ಇರಲಿ ಎಂದು ಎಷ್ಟೋ ಜನರಿಗೆ ಹೇಳಿದ್ದೇನೆ. ಸೋಮವಾರ ವೈದ್ಯರ ಮುಂದೆಯೂ ಅದನ್ನೇ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಠೇವಣಿ ಇಟ್ಟ ದುಡ್ಡು ಅವಧಿ ಮುಗಿದಾಗ ಕೈಗೆ ಬರತ್ತೆ ಸರ್. ಇಲ್ಲಿ ಹಾಗಲ್ಲ. ಮಾತ್ರೆ ಕೈಬಿಡೋ ಹೊತ್ತಿಗೆ ಕೀಮೋ ತಡ್ಕೊಳ್ಳೋ ಶಕ್ತಿ ಎಲ್ಲರಿಗೂ ಉಳಿದಿರಲ್ಲ’ ಎಂದರು. ಆ ಒಂದು ಮಾತನ್ನು ಅರ್ಥ ಮಾಡಿಕೊಳ್ಳಲು ನಾನು ಮುಂದಿನ ಹಲವು ತಿಂಗಳು ಓದಿದೆ, ಕೇಳಿದೆ, ಕೀಮೋ ಕೊಡುವ ಡೇ ಕೇರ್ ವಾರ್ಡಿನಲ್ಲಿ ಕುಳಿತು ನೋಡಿದೆ. ನಾನು ವೈದ್ಯನಲ್ಲ. ಆದರೆ ಇಂಥದೇ ಎರಡು ಹಾಳೆಗಳನ್ನು ಮುಂದಿಟ್ಟುಕೊಂಡು ಈ ಊರಿನ ಬೇರೆ ಬೇರೆ ಮನೆಗಳಲ್ಲಿ ಜನ ಕುಳಿತಿರುತ್ತಾರೆ ಎಂಬುದು ಗೊತ್ತಿರುವುದರಿಂದ ಇದನ್ನು ಬರೆಯುತ್ತಿದ್ದೇನೆ.

ಮೊದಲು ಕಾಯಿಲೆ ಗೊತ್ತಾದ ಬಗೆ. 2024ರ ಗಣೇಶನ ಹಬ್ಬದ ಹೊತ್ತಿಗೆ ಶುರುವಾದ ಕೆಮ್ಮಿಗೆ ಮೊದಲು ಸಿರಪ್, ಆಮೇಲೆ ಎಕ್ಸ್‌ರೇ, ಅದರ ಮೇಲೆ ಕಫದ ಪರೀಕ್ಷೆಯ ಖಾತರಿಯಿಲ್ಲದೆಯೇ ಎರಡು ತಿಂಗಳು ಕ್ಷಯದ ಮಾತ್ರೆ. ನಮ್ಮ ದೇಶದಲ್ಲಿ ಶ್ವಾಸಕೋಶದ ಕ್ಯಾನ್ಸರಿನ ಎಷ್ಟೋ ರೋಗಿಗಳು ಹೀಗೆಯೇ ಕ್ಷಯದ ದಾರಿಯಲ್ಲಿ ಒಂದಷ್ಟು ಕಾಲ ಕಳೆದುಕೊಂಡು ಬರುತ್ತಾರೆ ಎಂದು ಆಮೇಲೆ ತಿಳಿಯಿತು. ಮೆಟ್ಟಿಲು ಹತ್ತಲು ಉಸಿರು ಸಾಲದಾದಾಗ ಬೇರೊಂದು ಆಸ್ಪತ್ರೆಗೆ ಹೋದೆವು. ಎಡಗಡೆಯ ಶ್ವಾಸಕೋಶದ ಸುತ್ತ ನೀರು ತುಂಬಿತ್ತು; ಸೂಜಿ ಹಾಕಿ ಅದನ್ನು ತೆಗೆದು ಪರೀಕ್ಷೆಗೆ ಕಳುಹಿಸಿದಾಗ ಅಡಿನೋಕಾರ್ಸಿನೋಮ ಎಂಬ ಬಗೆಯ ಶ್ವಾಸಕೋಶದ ಕ್ಯಾನ್ಸರ್ ಎಂದು ಬಂತು. ನಾಲ್ಕನೆಯ ಹಂತ. ಅಕ್ಕನಿಗೆ ಆಗ ಅರವತ್ತೆರಡು. ಬೀಡಿ ಸಿಗರೇಟು ಮುಟ್ಟಿದವಳಲ್ಲ, ಮನೆಯಲ್ಲಿ ಸೇದುವವರೂ ಇಲ್ಲ.

ಇಲ್ಲಿ ಒಂದು ತೊಡಕಾಯಿತು, ಅದನ್ನು ಹೇಳಲೇಬೇಕು. ಬಯಾಪ್ಸಿಯಲ್ಲಿ ತೆಗೆದ ತುಣುಕು ಬಹಳ ಸಣ್ಣದಿತ್ತು. ಇದು ಯಾವ ಬಗೆಯ ಕ್ಯಾನ್ಸರ್ ಎಂದು ಗುರುತಿಸುವ ಬಣ್ಣದ ಪರೀಕ್ಷೆಗಳಲ್ಲಿಯೇ ಅದು ಮುಗಿದುಹೋಗಿ, ವಂಶವಾಹಿಯ ಪರೀಕ್ಷೆಗೆ ಏನೂ ಉಳಿಯಲಿಲ್ಲ. ಎರಡನೆಯ ಬಯಾಪ್ಸಿ ಮಾಡಿ, ಜೊತೆಗೆ ರಕ್ತದಲ್ಲಿ ತೇಲುವ ಗೆಡ್ಡೆಯ ಡಿಎನ್‌ಎಯ ಪರೀಕ್ಷೆಗೂ ಕೊಟ್ಟು, ವರದಿಗಾಗಿ ಕಾದೆವು. ಕಾಯುವ ಆ ದಿನಗಳಲ್ಲಿ ಬಂಧುಗಳೆಲ್ಲ ‘ಏನಾದರೂ ಶುರು ಮಾಡಿಸಿ’ ಎಂದು ಒತ್ತಾಯಿಸುತ್ತಿದ್ದರು. ದೇಹದ ರೋಗನಿರೋಧಕ ಶಕ್ತಿಯನ್ನೇ ಕ್ಯಾನ್ಸರಿನ ಮೇಲೆ ಎಬ್ಬಿಸುವ ಇಮ್ಯುನೋಥೆರಪಿ ಕೊಡಿಸಿ ಎಂದವರೂ ಇದ್ದರು. ವೈದ್ಯರು ಅದಕ್ಕೆ ಮಾತ್ರ ಒಪ್ಪಲಿಲ್ಲ. ಇಮ್ಯುನೋಥೆರಪಿ ಕೊಟ್ಟ ಬೆನ್ನಿಗೇ ಆಸಿಮರ್ಟಿನಿಬ್ ಶುರು ಮಾಡಬೇಕಾಗಿ ಬಂದರೆ ಶ್ವಾಸಕೋಶಕ್ಕೆ ತೀವ್ರವಾದ ಉರಿಯೂತ ತಗಲುವ ಅಪಾಯ ಹೆಚ್ಚು, ಮೇಲಾಗಿ ಇಜಿಎಫ್‌ಆರ್ ದೋಷವಿರುವ ಗೆಡ್ಡೆಗಳಲ್ಲಿ ಇಮ್ಯುನೋಥೆರಪಿಯ ಫಲವೂ ಕಡಿಮೆ ಎಂದರು. ಆ ಕಾಯುವಿಕೆ ಕಷ್ಟದ್ದಾಗಿತ್ತು, ಆದರೆ ಅವರು ಮಾಡಿದ್ದು ಸರಿ.

ಇಜಿಎಫ್‌ಆರ್ ಎಂಬುದು ಕೋಶದ ಹೊರಮೈಯಲ್ಲಿರುವ ಒಂದು ಗ್ರಾಹಕ. ಬೆಳೆಯಬೇಕು ಎಂಬ ಸೂಚನೆ ಹೊರಗಿನಿಂದ ಬಂದಾಗ ಮಾತ್ರ ಅದು ಎಚ್ಚರಗೊಂಡು ಒಳಗೆ ಸುದ್ದಿ ಮುಟ್ಟಿಸಬೇಕು. ಅದರ ವಂಶವಾಹಿಯಲ್ಲಿ ಕೆಲವು ನಿರ್ದಿಷ್ಟ ಜಾಗಗಳಲ್ಲಿ ದೋಷವಾದಾಗ, ಯಾರೂ ಕರೆಯದಿದ್ದರೂ ಅದು ಎಡೆಬಿಡದೆ ಬೆಳೆ, ಬೆಳೆ ಎನ್ನುತ್ತಲೇ ಇರುತ್ತದೆ. ಆ ಕೂಗನ್ನು ಅಡಗಿಸುವುದೇ ಆಸಿಮರ್ಟಿನಿಬ್‌ನಂಥ ಮಾತ್ರೆಗಳ ಕೆಲಸ. ಹೀಗಾಗುವುದು ಹೆಚ್ಚಾಗಿ ಎರಡು ಕಡೆ: ವಂಶವಾಹಿಯ ಎಕ್ಸಾನ್ 19 ಎಂಬ ಭಾಗದಲ್ಲಿ ಒಂದು ತುಂಡು ಕಳೆದುಹೋಗುವುದು, ಇಲ್ಲವೇ ಎಕ್ಸಾನ್ 21ರಲ್ಲಿ ಎಲ್858ಆರ್ ಎಂಬ ಒಂದಕ್ಷರದ ಬದಲಾವಣೆ. ಭಾರತದ ಶ್ವಾಸಕೋಶ ಅಡಿನೋಕಾರ್ಸಿನೋಮ ರೋಗಿಗಳಲ್ಲಿ ಸುಮಾರು ಕಾಲು ಭಾಗದಷ್ಟು ಮಂದಿಯಲ್ಲಿ ಇಜಿಎಫ್‌ಆರ್ ದೋಷ ಇರುತ್ತದೆ. ಹೊಗೆ ಸೇದದವರಲ್ಲಿ, ಹೆಂಗಸರಲ್ಲಿ ಇನ್ನೂ ಹೆಚ್ಚು. ಅಕ್ಕನ ವರದಿಯಲ್ಲಿ ಬಂದದ್ದು ಎಲ್858ಆರ್. ಮಿದುಳಿನ ಎಂಆರ್‌ಐಯಲ್ಲಿ ಒಂದು ಸಣ್ಣ ಚುಕ್ಕೆಯೂ ಕಂಡಿತ್ತು. ಈ ಎರಡು ಸಂಗತಿಗಳು ಮುಂದಿನ ನಿರ್ಧಾರದಲ್ಲಿ ದೊಡ್ಡ ಪಾತ್ರ ವಹಿಸಿದವು.

ಗುರಿಯಿಟ್ಟು ಕೆಲಸ ಮಾಡುವ ಮಾತ್ರೆಯನ್ನೂ ಕೀಮೋವನ್ನೂ ಒಟ್ಟಿಗೆ ಕೊಡುವ ಯೋಚನೆ ಹೊಸದಲ್ಲ. ಈ ಶತಮಾನದ ಮೊದಲ ವರ್ಷಗಳಲ್ಲಿಯೇ ಅದನ್ನು ಬಹಳ ದೊಡ್ಡ ಪ್ರಮಾಣದಲ್ಲಿ ಪರೀಕ್ಷಿಸಿದ್ದರು. ಇಜಿಎಫ್‌ಆರ್ ಅನ್ನೇ ತಡೆಯುವ ಹಳೆಯ ಮಾತ್ರೆ ಜೆಫಿಟಿನಿಬ್ ಅನ್ನು ಕೀಮೋ ಜೊತೆ ಕೊಟ್ಟ ಇಂಟ್ಯಾಕ್ಟ್ ಹೆಸರಿನ ಎರಡು ಅಧ್ಯಯನಗಳು, ಅದೇ ಬಗೆಯ ಎರ್ಲೋಟಿನಿಬ್ ಮಾತ್ರೆಯ ಟ್ರಿಬ್ಯೂಟ್ ಮತ್ತು ಟ್ಯಾಲೆಂಟ್ ಅಧ್ಯಯನಗಳು, ನಾಲ್ಕೂ ಸೇರಿ ನಾಲ್ಕು ಸಾವಿರಕ್ಕೂ ಹೆಚ್ಚು ರೋಗಿಗಳು. ನಾಲ್ಕರಲ್ಲಿಯೂ ಬಂದ ಉತ್ತರ ಒಂದೇ: ಮಾತ್ರೆ ಸೇರಿಸಿದ್ದರಿಂದ ಆಯಸ್ಸು ಹೆಚ್ಚಲಿಲ್ಲ. ಮಾತ್ರೆಯು ಕೋಶಗಳ ವಿಭಜನೆಯನ್ನು ತಡೆದು ನಿಲ್ಲಿಸುತ್ತದೆ, ಕೀಮೋ ಕೊಲ್ಲುವುದು ವಿಭಜನೆಯಾಗುತ್ತಿರುವ ಕೋಶಗಳನ್ನು, ಆದ್ದರಿಂದ ಒಂದು ಇನ್ನೊಂದರ ಕೆಲಸ ಕೆಡಿಸುತ್ತದೆ ಎಂಬ ವಿವರಣೆಯೂ ಹುಟ್ಟಿಕೊಂಡಿತು. ಎರಡನ್ನೂ ಸೇರಿಸಬಾರದು ಎಂಬುದು ಹಲವು ವರ್ಷ ಪಾಠವಾಗಿಯೇ ಉಳಿಯಿತು.

ಆದರೆ ಆ ರೋಗಿಗಳನ್ನು ಆರಿಸಿದ್ದು ಹೇಗೆ ಎಂದು ನೋಡಿದರೆ ಕಥೆ ಬೇರೆಯಾಗುತ್ತದೆ. ಇಜಿಎಫ್‌ಆರ್ ದೋಷ ಇರುವವರಿಗೆ ಈ ಮಾತ್ರೆಗಳು ಹಿಡಿಯುತ್ತವೆ ಎಂಬುದು ಪತ್ತೆಯಾದದ್ದೇ 2004ರಲ್ಲಿ. ಅಷ್ಟರಲ್ಲಿ ಆ ಅಧ್ಯಯನಗಳಿಗೆ ರೋಗಿಗಳ ಸೇರ್ಪಡೆ ಮುಗಿದಿತ್ತು. ದೋಷ ಇದ್ದವರು, ಇಲ್ಲದವರು, ಜೀವಮಾನವೆಲ್ಲ ಸಿಗರೇಟು ಸೇದಿದವರು, ಎಲ್ಲರೂ ಒಂದೇ ಲೆಕ್ಕದಲ್ಲಿ ಬೆರೆತಿದ್ದರು. ಮಾತ್ರೆ ಹಿಡಿಯದ ಬಹುಪಾಲು ಜನರ ಫಲಿತಾಂಶದಲ್ಲಿ ಹಿಡಿದ ಕೆಲವರ ಫಲಿತಾಂಶ ಮುಳುಗಿಹೋಯಿತು. ಸುಳಿವು ಮಾತ್ರ ಅಲ್ಲಿಯೇ ಇತ್ತು. ಟ್ರಿಬ್ಯೂಟ್ ಅಧ್ಯಯನದಲ್ಲಿ ಎಂದೂ ಹೊಗೆ ಸೇದದವರ ಸಣ್ಣ ಗುಂಪನ್ನು ಬೇರೆ ಮಾಡಿ ನೋಡಿದಾಗ, ಕೀಮೋ ಮಾತ್ರ ಪಡೆದವರಲ್ಲಿ ಬದುಕಿದ ಅವಧಿಯ ಮಧ್ಯಮ ಲೆಕ್ಕ (ಅರ್ಧ ಜನ ಇದಕ್ಕಿಂತ ಹೆಚ್ಚು, ಅರ್ಧ ಜನ ಕಡಿಮೆ ಬದುಕಿದರು ಎಂಬ ಅಂಕಿ) 10.1 ತಿಂಗಳಿದ್ದರೆ, ಎರಡೂ ಪಡೆದವರಲ್ಲಿ 22.5 ತಿಂಗಳಿತ್ತು. ಆ ಅಂಕಿಯನ್ನು ಮೊದಲ ಸಲ ಓದಿದ ರಾತ್ರಿ ನನಗೆ ಬಹಳ ಹೊತ್ತು ನಿದ್ದೆ ಬರಲಿಲ್ಲ. ತಪ್ಪು ಔಷಧಿಯಲ್ಲಿ ಇರಲಿಲ್ಲ, ಯಾರಿಗೆ ಎಂದು ಕೇಳದೆ ಕೊಟ್ಟದ್ದರಲ್ಲಿ ಇತ್ತು.

2009ರಲ್ಲಿ ಬಂದ ಐಪಾಸ್ ಅಧ್ಯಯನ, ದೋಷ ಇರುವವರಿಗೆ ಕೀಮೋಗಿಂತ ಜೆಫಿಟಿನಿಬ್ ಮೇಲು, ದೋಷ ಇಲ್ಲದವರಿಗೆ ಕೀಮೋವೇ ಮೇಲು ಎಂದು ಸ್ಪಷ್ಟಪಡಿಸಿತು. ಅಲ್ಲಿಂದ ಮುಂದೆ ದೋಷ ಸಿಕ್ಕವರಿಗೆ ಮೊದಲು ಮಾತ್ರೆ, ಅದು ಸೋತ ಮೇಲೆ ಕೀಮೋ ಎಂಬ ಕ್ರಮ ಎಲ್ಲೆಡೆ ನೆಲೆಯೂರಿತು. ನಮ್ಮ ಅಕ್ಕ ಅವರೆಕಾಳು ಹಿಸುಕುತ್ತ ಹೇಳಿದ್ದು ಹತ್ತು ವರ್ಷ ಇಡೀ ಜಗತ್ತಿನ ವೈದ್ಯರು ಹೇಳುತ್ತಿದ್ದ ಮಾತನ್ನೇ.

ಆ ಕ್ರಮವನ್ನು ಪ್ರಶ್ನಿಸಿದವರಲ್ಲಿ ನಮ್ಮ ದೇಶದವರೇ ಮುಂಚೂಣಿಯಲ್ಲಿದ್ದರು ಎಂಬುದು ನನಗೆ ಬಹಳ ಹೆಮ್ಮೆಯ ವಿಷಯ. ಮುಂಬೈಯ ಟಾಟಾ ಮೆಮೋರಿಯಲ್ ಆಸ್ಪತ್ರೆಯಲ್ಲಿ ಡಾ. ವನಿತಾ ನೊರೊನ್ಹಾ, ಡಾ. ಕುಮಾರ್ ಪ್ರಭಾಷ್ ಮತ್ತು ಅವರ ಸಂಗಡಿಗರು ಇಜಿಎಫ್‌ಆರ್ ದೋಷವಿದ್ದ 350 ರೋಗಿಗಳನ್ನು ಎರಡು ಗುಂಪು ಮಾಡಿದರು. ಒಂದಕ್ಕೆ ಜೆಫಿಟಿನಿಬ್ ಮಾತ್ರ, ಇನ್ನೊಂದಕ್ಕೆ ಜೆಫಿಟಿನಿಬ್ ಜೊತೆ ಪೆಮೆಟ್ರೆಕ್ಸೆಡ್ ಮತ್ತು ಕಾರ್ಬೋಪ್ಲಾಟಿನ್. ಮಾತ್ರೆ ಮಾತ್ರ ಪಡೆದ ಗುಂಪಿನ ಅರ್ಧದಷ್ಟು ಜನರಲ್ಲಿ ಕಾಯಿಲೆ ಮತ್ತೆ ತಲೆಯೆತ್ತಲು ಹಿಡಿದದ್ದು 8 ತಿಂಗಳು. ಎರಡೂ ಪಡೆದ ಗುಂಪಿನಲ್ಲಿ 16 ತಿಂಗಳು. ಮೊದಲ ಗುಂಪಿನ ಆಯಸ್ಸಿನ ಮಧ್ಯಮ ಲೆಕ್ಕ 17 ತಿಂಗಳಿದ್ದಾಗ, ಎರಡನೆಯ ಗುಂಪಿನಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಇನ್ನೂ ಬದುಕಿದ್ದರಿಂದ ಆ ಲೆಕ್ಕ ಹಾಕಲೇ ಆಗಿರಲಿಲ್ಲ. ಬೆಲೆಯೂ ಇತ್ತು: ತೀವ್ರ ಸ್ವರೂಪದ ಅಡ್ಡಪರಿಣಾಮಗಳು ಮೊದಲ ಗುಂಪಿನಲ್ಲಿ ನೂರಕ್ಕೆ 25 ಮಂದಿಗೆ, ಎರಡನೆಯದರಲ್ಲಿ 51 ಮಂದಿಗೆ. 2019ರಲ್ಲಿ ಪ್ರಕಟವಾದ ಈ ಕೆಲಸ ನನಗೆ ಆಪ್ತವೆನಿಸಲು ಇನ್ನೊಂದು ಕಾರಣವಿದೆ. ಇಂಥ ಅಧ್ಯಯನಗಳಲ್ಲಿ ಸಾಮಾನ್ಯವಾಗಿ ಗಟ್ಟಿಮುಟ್ಟಾಗಿರುವ ರೋಗಿಗಳನ್ನೇ ಆರಿಸುತ್ತಾರೆ. ಟಾಟಾದವರು ದಿನದ ಅರ್ಧದ ಹತ್ತಿರ ಹತ್ತಿರ ಮಲಗಿಯೇ ಇರುವಷ್ಟು ಬಳಲಿದವರನ್ನೂ, ಮಿದುಳಿಗೆ ಹರಡಿದವರನ್ನೂ ಸೇರಿಸಿಕೊಂಡರು. ಅಂದರೆ ನಮ್ಮ ಆಸ್ಪತ್ರೆಗಳ ಕಾರಿಡಾರಿನಲ್ಲಿ ನಿಜವಾಗಿ ಕುಳಿತಿರುವವರನ್ನು. ಬಳಸಿದ ಮೂರೂ ಔಷಧಿಗಳು ಭಾರತದಲ್ಲಿ ಜೆನೆರಿಕ್ ಆಗಿ ಕಡಿಮೆ ಬೆಲೆಗೆ ಸಿಗುವಂಥವು.

ಜಪಾನಿನಲ್ಲಿಯೂ ಅದೇ ಜೋಡಿಯ ಅಧ್ಯಯನವೊಂದು ನಡೆದು, ಮೊದಲ ವರದಿಯಲ್ಲಿ ಆಯಸ್ಸು 38.8 ತಿಂಗಳಿಂದ 50.9 ತಿಂಗಳಿಗೆ ಏರಿದ್ದು ಕಂಡಿತು. ಇನ್ನಷ್ಟು ಕಾಲ ಗಮನಿಸಿದ ಮೇಲೆ ಆ ಅಂತರ ಅಷ್ಟು ದೃಢವಾಗಿ ನಿಲ್ಲಲಿಲ್ಲ. ಇದನ್ನೂ ಹೇಳದಿದ್ದರೆ ಒಂದು ಕಡೆಯ ಲೆಕ್ಕ ಮಾತ್ರ ಬರೆದಂತಾಗುತ್ತದೆ.

ಅಷ್ಟರಲ್ಲಿ ಮಾತ್ರೆಯೇ ಬದಲಾಗಿತ್ತು. ಜೆಫಿಟಿನಿಬ್ ಸೋಲಲು ಮುಖ್ಯ ಕಾರಣವಾದ ಟಿ790ಎಂ ಎಂಬ ಇನ್ನೊಂದು ದೋಷವನ್ನೂ ಮಣಿಸುವ, ಮಿದುಳಿಗೂ ಚೆನ್ನಾಗಿ ತಲುಪುವ ಆಸಿಮರ್ಟಿನಿಬ್ ಬಂದು, ಫ್ಲೋರಾ ಅಧ್ಯಯನದ ನಂತರ ಮೊದಲ ಆಯ್ಕೆಯ ಜಾಗ ಪಡೆಯಿತು. ಇಷ್ಟು ಒಳ್ಳೆಯ ಮಾತ್ರೆ ಇರುವಾಗಲೂ ಕೀಮೋ ಬೇಕೇ ಎಂಬ ಪ್ರಶ್ನೆಗೆ ಫ್ಲೋರಾ 2 ಅಧ್ಯಯನ 557 ರೋಗಿಗಳಲ್ಲಿ ಉತ್ತರ ಹುಡುಕಿತು. ಕಾಯಿಲೆ ಮತ್ತೆ ಬೆಳೆಯಲು ಹಿಡಿದ ಕಾಲ ಮಾತ್ರೆಯೊಂದರಲ್ಲಿ 16.7 ತಿಂಗಳು, ಕೀಮೋ ಸೇರಿಸಿದಾಗ 25.5 ತಿಂಗಳು ಎಂದು 2023ರಲ್ಲಿ ಪ್ರಕಟವಾಯಿತು. ವೈದ್ಯರು ನಮಗೆ ಮುಖ್ಯವಾಗಿ ತೋರಿಸಿದ್ದು ಒಳಗಿನ ಎರಡು ಲೆಕ್ಕಗಳನ್ನು. ಎಲ್858ಆರ್ ಇರುವವರಲ್ಲಿ ಮಾತ್ರೆಯೊಂದೇ ಕೊಟ್ಟಾಗ ಆ ಕಾಲ 13.9 ತಿಂಗಳು, ಜೋಡಿಯಲ್ಲಿ 24.7. ಮಿದುಳಿಗೆ ಹರಡಿದವರಲ್ಲಿ 13.8 ಮತ್ತು 24.9. ಎಕ್ಸಾನ್ 19 ದೋಷದವರಲ್ಲಿ ಮಾತ್ರೆಯೊಂದೇ 19.4 ತಿಂಗಳು ಹಿಡಿದಿಟ್ಟಿತ್ತು. ಅಂದರೆ ಅಕ್ಕನಂಥವರಲ್ಲಿ ಮಾತ್ರೆ ಒಂಟಿಯಾಗಿ ಬೇಗ ಸುಸ್ತಾಗುತ್ತದೆ, ಜೊತೆ ಸಿಕ್ಕರೆ ಹೆಚ್ಚು ಕಾಲ ನಿಲ್ಲುತ್ತದೆ.

ಒಂದು ಮಾತು ಪ್ರಾಮಾಣಿಕವಾಗಿ ಹೇಳಬೇಕು. ನಾವು ನಿರ್ಧರಿಸಿದ ಆ ಜನವರಿಯಲ್ಲಿ, ಒಟ್ಟು ಆಯಸ್ಸು ಹೆಚ್ಚುತ್ತದೆಯೇ ಎಂಬುದರ ಅಂತಿಮ ಅಂಕಿ ಬಂದಿರಲಿಲ್ಲ. ಕಾಯಿಲೆಯನ್ನು ಹೆಚ್ಚು ದಿನ ತಡೆಯುವುದು ಒಂದು, ಬದುಕು ಉದ್ದವಾಗುವುದು ಇನ್ನೊಂದು. ಮೊದಲನೆಯದು ಸಿಕ್ಕಿದರೆ ಎರಡನೆಯದು ಸಿಕ್ಕೇ ಸಿಗುತ್ತದೆ ಎಂದೇನಿಲ್ಲ. ಅದೇ ವರ್ಷ ಸೆಪ್ಟೆಂಬರಿನಲ್ಲಿ ಬಾರ್ಸಿಲೋನಾದಲ್ಲಿ ನಡೆದ ವಿಶ್ವ ಶ್ವಾಸಕೋಶ ಕ್ಯಾನ್ಸರ್ ಸಮ್ಮೇಳನದಲ್ಲಿ ಅದು ಹೊರಬಂತು: ಮಾತ್ರೆಯೊಂದರಲ್ಲಿ 37.6 ತಿಂಗಳು, ಜೋಡಿಯಲ್ಲಿ 47.5 ತಿಂಗಳು. ಆ ಸುದ್ದಿಯನ್ನು ಅಕ್ಕನ ಮಗಳು ಫೋನಿನಲ್ಲಿ ಓದಿ ಹೇಳಿದಾಗ ಭಾವ ಏನೂ ಮಾತಾಡದೆ ಎದ್ದು ದೇವರ ಮನೆಗೆ ಹೋದರು.

ಕೀಮೋವನ್ನು ಆಮೇಲಕ್ಕೆ ಇಟ್ಟುಕೊಂಡವರಿಗಿಂತ ಮೊದಲೇ ಪಡೆದವರಿಗೆ ಹೆಚ್ಚು ಲಾಭವಾಗುವುದು ಯಾಕೆ? ಇದಕ್ಕೆ ಎರಡು ಕಾರಣಗಳನ್ನು ನಾನು ಅರ್ಥ ಮಾಡಿಕೊಂಡಿದ್ದೇನೆ. ಒಂದು, ವೈದ್ಯರು ಹೇಳಿದ್ದು: ಮಾತ್ರೆ ಸೋಲುವುದು ಎಷ್ಟೋ ಸಲ ಸದ್ದಿಲ್ಲದೆ ಅಲ್ಲ. ಮಿದುಳಿಗೆ ಹರಡಿ, ಯಕೃತ್ತು ಕೆಟ್ಟು, ಮತ್ತೆ ನೀರು ತುಂಬಿ ರೋಗಿ ಹಾಸಿಗೆ ಹಿಡಿದಾಗ ಅದು ಗೊತ್ತಾಗುವುದುಂಟು. ಆಗ ಕೀಮೋ ಕೊಡುವ ಧೈರ್ಯ ವೈದ್ಯರಿಗೆ ಎಷ್ಟೋ ಸಲ ಬರುವುದಿಲ್ಲ. ಎರಡನೆಯದನ್ನು ಅಕ್ಕನೇ ತನ್ನ ರೀತಿಯಲ್ಲಿ ಹೇಳಿದಳು. ಗೆಡ್ಡೆಯೊಳಗಿನ ಕೋಶಗಳೆಲ್ಲ ಒಂದೇ ಥರ ಇರುವುದಿಲ್ಲ, ಕೆಲವು ಇಜಿಎಫ್‌ಆರ್ ಅನ್ನೇ ನಂಬಿ ಬದುಕುತ್ತವೆ, ಕೆಲವು ಮಾತ್ರೆಯ ನಡುವೆಯೂ ಮಂಕಾಗಿ ಬದುಕಿ ಉಳಿದು ಮುಂದೆ ಬೇರೆ ದಾರಿ ಹಿಡಿಯುತ್ತವೆ ಎಂದು ನಾನು ವಿವರಿಸುತ್ತಿದ್ದಾಗ, ‘ಹೂಂ, ಸೊಗಡಿನ ಅವರೆ ಒಂದೇ ಗಿಡದ್ದಾದ್ರೂ ಎಲ್ಲಾ ಕಾಳೂ ಒಟ್ಟಿಗೆ ಬಲಿತಿರಲ್ವಲ್ಲ. ಎಳೆದು ಬೇಗ ಬೇಯತ್ತೆ, ಬಲಿತದ್ದು ಕೂತೇ ಇರತ್ತೆ’ ಎಂದಳು. ಅದಕ್ಕಿಂತ ಸರಿಯಾಗಿ ನನಗೆ ಹೇಳಲು ಬರುತ್ತಿರಲಿಲ್ಲ. ಮಾತ್ರೆಗೆ ಬಗ್ಗದೆ ಉಳಿಯುವ ಆ ಕೋಶಗಳನ್ನು, ಅವು ಕಡಿಮೆ ಇರುವಾಗಲೇ, ಬೇರೆ ಬಗೆಯಲ್ಲಿ ಹೊಡೆಯುವುದು ಕೀಮೋದ ಕೆಲಸ.

ಇನ್ನು ಆ ಹಾಳೆಯ ಮೇಲಿನ ಹೆಸರುಗಳು ಮನೆಯಲ್ಲಿ ಹೇಗಿರುತ್ತವೆ ಎಂಬುದು. ಪೆಮೆಟ್ರೆಕ್ಸೆಡ್ ಕೋಶಗಳಿಗೆ ಫೋಲೇಟ್ ಎಂಬ ಜೀವಸತ್ವವನ್ನು ಬಳಸಲು ಬಿಡದೆ ಕೆಲಸ ಮಾಡುವ ಔಷಧಿ. ಅದು ಒಳ್ಳೆಯ ಕೋಶಗಳನ್ನು ಹೆಚ್ಚು ಕಾಡದಿರಲೆಂದು ಶುರು ಮಾಡುವ ಒಂದು ವಾರ ಮೊದಲಿನಿಂದಲೇ ದಿನಾ ಫೋಲಿಕ್ ಆಮ್ಲದ ಮಾತ್ರೆ ತೆಗೆದುಕೊಳ್ಳಬೇಕು, ಒಂಬತ್ತು ವಾರಕ್ಕೊಮ್ಮೆ ಬಿ12 ಚುಚ್ಚುಮದ್ದು ಹಾಕಿಸಬೇಕು. ಇವನ್ನು ಶಕ್ತಿಯ ಮಾತ್ರೆ ಎಂದು ತಿಳಿದು ಬಿಟ್ಟುಬಿಡುವವರಿದ್ದಾರೆ, ಬಿಡಬಾರದು. ಕೀಮೋದ ಹಿಂದಿನ ದಿನ, ಆ ದಿನ, ಮರುದಿನ ಡೆಕ್ಸಾಮೆಥಾಸೋನ್ ಮಾತ್ರೆ, ಮೈಮೇಲೆ ದದ್ದು ಏಳದಿರಲೆಂದು. ಆ ಮೂರು ರಾತ್ರಿ ಅಕ್ಕನಿಗೆ ನಿದ್ದೆ ಇರುವುದಿಲ್ಲ. ಎರಡು ಗಂಟೆಗೆ ಎದ್ದು ಅಡುಗೆಮನೆಯ ಡಬ್ಬಿಗಳನ್ನೆಲ್ಲ ಒರೆಸಿಡುತ್ತಾಳೆ. ಮಂಡಿನೋವಿಗೆಂದು ಅವಳು ನುಂಗುತ್ತಿದ್ದ ಐಬುಪ್ರೊಫೆನ್ ಅನ್ನು ವೈದ್ಯರು ಮೊದಲ ದಿನವೇ ನಿಲ್ಲಿಸಿದರು, ಮೂತ್ರಪಿಂಡ ಬಳಲಿದಾಗ ಅದು ಪೆಮೆಟ್ರೆಕ್ಸೆಡ್ ದೇಹದಲ್ಲೇ ಉಳಿಯುವಂತೆ ಮಾಡುತ್ತದೆ.

ಕಾರ್ಬೋಪ್ಲಾಟಿನ್ ಪ್ರಮಾಣದ ಲೆಕ್ಕ ನನ್ನ ಮನಸ್ಸಿಗೆ ಬಹಳ ಹಿಡಿಸಿತು. ಅದನ್ನು ತೂಕದ ಮೇಲೆ ಅಲ್ಲ, ಮೂತ್ರಪಿಂಡ ಎಷ್ಟು ಸೋಸುತ್ತದೆ ಎಂಬುದರ ಮೇಲೆ ನಿರ್ಧರಿಸುತ್ತಾರೆ. ಸೋಸುವ ಪ್ರಮಾಣಕ್ಕೆ 25 ಕೂಡಿಸಿ, ರಕ್ತದಲ್ಲಿ ಔಷಧಿ ಎಷ್ಟು ಸಿಗಬೇಕು ಎಂಬ ಗುರಿಯ ಅಂಕಿಯಿಂದ ಗುಣಿಸಬೇಕು. ಅಕ್ಕನ ಗುರಿ 5, ಸೋಸುವಿಕೆ ನಿಮಿಷಕ್ಕೆ 65 ಮಿಲಿಲೀಟರ್. 65ಕ್ಕೆ 25 ಕೂಡಿಸಿದರೆ 90, ಅದರ ಐದರಷ್ಟು 450 ಮಿಲಿಗ್ರಾಂ. ಮೂರನೆಯ ಸಲಕ್ಕೆ, ಮೂತ್ರಪಿಂಡದ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ ರಕ್ತದಲ್ಲಿ ಸ್ವಲ್ಪ ಏರಿ ಸೋಸುವಿಕೆ 55ಕ್ಕೆ ಇಳಿದಾಗ ಬಾಟಲಿಯ ಚೀಟಿಯ ಮೇಲೆ 400 ಎಂದಿತ್ತು. ಅದನ್ನು ನೋಡಿ, ಈ ಔಷಧಿಯನ್ನು ಇವಳಿಗೆಂದೇ, ಇವತ್ತಿನ ಇವಳ ರಕ್ತಕ್ಕೆಂದೇ ಅಳೆದಿದ್ದಾರೆ ಎಂಬ ಸಮಾಧಾನ ಸಿಕ್ಕಿತು.

ಎರಡನೆಯ ಸೈಕಲ್ಲಿನ, ಅಂದರೆ ಎರಡನೆಯ ಸಲದ ಕೀಮೋದ, ಹತ್ತನೆಯ ದಿನ ಮಾತ್ರ ಮರೆಯಲಾಗದ್ದು. ಸಂಜೆ ಜ್ವರ 101 ಡಿಗ್ರಿ ಇತ್ತು. ಹತ್ತಿರದ ನರ್ಸಿಂಗ್ ಹೋಮಿಗೆ ಕರೆದೊಯ್ದರೆ, ಕೀಮೋ ನಡೆಯುತ್ತಿದೆ ಎಂದು ಹೇಳಿದರೂ, ಪ್ಯಾರಾಸಿಟಮಾಲ್ ಕೊಟ್ಟು ಬೆಳಗ್ಗೆ ನೋಡೋಣ ಎಂದರು. ಅಕ್ಕನ ಮಗಳಿಗೆ ಡೇ ಕೇರ್ ಸಿಸ್ಟರ್ ಹೇಳಿಕೊಟ್ಟದ್ದು ನೆನಪಿತ್ತು: ಕೀಮೋ ಪಡೆಯುವವರಿಗೆ ಜ್ವರ 100.4 ದಾಟಿದರೆ ಬೆಳಗಿನವರೆಗೆ ಕಾಯುವಂತಿಲ್ಲ. ರಾತ್ರಿ ಹನ್ನೊಂದಕ್ಕೆ ಕ್ಯಾನ್ಸರ್ ವಿಭಾಗಕ್ಕೆ ಓಡಿದೆವು. ಬಿಳಿ ರಕ್ತಕಣ ಅಪಾಯದ ಮಟ್ಟಕ್ಕೆ ಕುಸಿದಿತ್ತು. ಒಂದು ಗಂಟೆಯೊಳಗೆ ಡ್ರಿಪ್ಪಿನಲ್ಲಿ ಆಂಟಿಬಯಾಟಿಕ್ ಶುರುವಾಯಿತು, ನಾಲ್ಕು ದಿನ ಅಲ್ಲೇ ಇದ್ದೆವು. ಕಾಗದದ ಮೇಲೆ ನೂರಕ್ಕೆ ಇಷ್ಟು ಮಂದಿಗೆ ತೀವ್ರ ಅಡ್ಡಪರಿಣಾಮ ಎಂದು ಓದುವುದಕ್ಕೂ, ಆ ರಾತ್ರಿ ಹಾಸಿಗೆಯ ಪಕ್ಕದ ಸ್ಟೂಲಿನ ಮೇಲೆ ಕುಳಿತಿರುವುದಕ್ಕೂ ಅಂತರವಿದೆ. ಫ್ಲೋರಾ 2ರ ಮೊದಲ ವರದಿಯಲ್ಲಿ ಆ ಪ್ರಮಾಣ ಮಾತ್ರೆಯೊಂದರಲ್ಲಿ ನೂರಕ್ಕೆ 27, ಜೋಡಿಯಲ್ಲಿ 64. ಹೆಚ್ಚಿನವು ಕೀಮೋ ನಡೆಯುವ ಮೊದಲ ತಿಂಗಳುಗಳಲ್ಲಿ ಬರುವ ರಕ್ತಕಣಗಳ ಕುಸಿತ. ಮಾತ್ರೆಗೂ ಅದರದೇ ಕಾಟಗಳಿವೆ: ಉಗುರಿನ ಅಂಚು ಸೆಟೆದು ಕೀವಾಗುವುದು, ಭೇದಿ, ಮೈಯೆಲ್ಲ ಒಣಗಿ ತುರಿಸುವುದು. ಅಪರೂಪಕ್ಕೆ ಶ್ವಾಸಕೋಶದ ಉರಿಯೂತ, ಹೃದಯದ ಬಡಿತದ ಏರುಪೇರು. ಅದಕ್ಕೇ ಆಗಾಗ ಇಸಿಜಿ.

ಆದ್ದರಿಂದ ಜೋಡಿ ಚಿಕಿತ್ಸೆ ಎಲ್ಲರಿಗೂ ಎಂದು ನಾನು ಹೇಳುವುದಿಲ್ಲ. ಡೇ ಕೇರಿನಲ್ಲಿ ಪರಿಚಯವಾದ, ಚಿಕ್ಕಬಳ್ಳಾಪುರದ ಕಡೆಯ ಎಪ್ಪತ್ತೆಂಟು ವರ್ಷದ ಹಿರಿಯರೊಬ್ಬರಿಗೆ ಎಕ್ಸಾನ್ 19ರ ದೋಷ, ಕಾಯಿಲೆಯ ಹರಡುವಿಕೆ ಕಡಿಮೆ, ಮೂತ್ರಪಿಂಡ ದುರ್ಬಲ. ಮೂರು ವಾರಕ್ಕೊಮ್ಮೆ ಮಗ ಕೆಲಸ ಬಿಟ್ಟು ಬಸ್ಸಿನಲ್ಲಿ ಕರೆತರಬೇಕು. ಅವರು ಮಾತ್ರೆಯೊಂದನ್ನೇ ಆರಿಸಿಕೊಂಡರು, ಅವರ ಮಟ್ಟಿಗೆ ಅದೇ ಸರಿ. ಎಎಲ್‌ಕೆ ಎಂಬ ಇನ್ನೊಂದು ಬಗೆಯ ದೋಷ ಇರುವವರಿಗೆ ಅದರದೇ ಮಾತ್ರೆ ಒಂಟಿಯಾಗಿಯೇ ಬಹಳ ಕಾಲ ನಡೆಯುತ್ತದೆ. ಸೇರಿಸಿದ್ದೆಲ್ಲ ಒಳ್ಳೆಯದೂ ಅಲ್ಲ: ಜೆಫಿಟಿನಿಬ್ ಸೋತ ಮೇಲೆ ಕೀಮೋ ಶುರು ಮಾಡುವಾಗ ಅದೇ ಮಾತ್ರೆಯನ್ನೂ ಮುಂದುವರಿಸಿ ನೋಡಿದ ಇಂಪ್ರೆಸ್ ಅಧ್ಯಯನದಲ್ಲಿ ಯಾವ ಲಾಭವೂ ಕಾಣಲಿಲ್ಲ. ಅದೇ ಎರಡು ಔಷಧಿ, ಹೊತ್ತು ಮಾತ್ರ ಬೇರೆ. ನನ್ನ ತಕರಾರು ಇರುವುದು, ಈ ಪ್ರಶ್ನೆಯನ್ನು ಶುರುವಿನಲ್ಲಿಯೇ ರೋಗಿಯ ಮುಂದಿಡದೆ, ‘ಕೀಮೋ ಬೇಡದ ಒಳ್ಳೆಯ ಕಾಯಿಲೆ ಬಂದಿದೆ ನಿಮಗೆ’ ಎಂದು ಮಾತ್ರೆ ಬರೆದು ಕಳುಹಿಸಿಬಿಡುವುದರ ಬಗ್ಗೆ. ಹಾಗೆ ಕಳುಹಿಸಲ್ಪಟ್ಟ ಇಬ್ಬರನ್ನು ನಾನು ನೋಡಿದ್ದೇನೆ.

ದುಡ್ಡಿನ ಮಾತು ಬಿಟ್ಟು ಇದನ್ನು ಮುಗಿಸುವಂತಿಲ್ಲ. 2024ರ ಜುಲೈ ಬಜೆಟ್ಟಿನಲ್ಲಿ ಕೇಂದ್ರ ಸರಕಾರ ಆಮದು ಸುಂಕ ತೆಗೆದುಹಾಕಿದ ಮೂರು ಕ್ಯಾನ್ಸರ್ ಔಷಧಿಗಳಲ್ಲಿ ಆಸಿಮರ್ಟಿನಿಬ್ ಒಂದು. ಆದರೂ ಪಿಂಚಣಿಯಲ್ಲಿ ಬದುಕುವ ಮನೆಗೆ ಅದು ಹೊರಲಾರದ ಹೊರೆ. ಅಂಥಲ್ಲಿ ಟಾಟಾದವರ ಕೆಲಸದ ಬೆಲೆ ತಿಳಿಯುತ್ತದೆ. ಆಸಿಮರ್ಟಿನಿಬ್ ಕೊಳ್ಳಲಾಗದವರಿಗೆ ಜೆನೆರಿಕ್ ಜೆಫಿಟಿನಿಬ್ ಜೊತೆ ಕೀಮೋ ಎಂಬುದು ಬಡವರಿಗೆಂದು ಕೊಡುವ ಎರಡನೆಯ ದರ್ಜೆಯ ಚಿಕಿತ್ಸೆಯಲ್ಲ, ಅಧ್ಯಯನದಲ್ಲಿ ಗೆದ್ದು ಬಂದ ಚಿಕಿತ್ಸೆ. ಹೊಸೂರು ರಸ್ತೆಯ ಬದಿಯಲ್ಲಿ, ನಿಮ್ಹಾನ್ಸ್ ಪಕ್ಕದಲ್ಲಿ, 1973ರಿಂದ ನಡೆಯುತ್ತಿರುವ ಕಿದ್ವಾಯಿ ಸಂಸ್ಥೆಯಂಥ ಸರಕಾರಿ ಆಸ್ಪತ್ರೆಗೆ ರಾಜ್ಯದ ಮೂಲೆಮೂಲೆಗಳಿಂದ ಬರುವವರಿಗೆ ಇದು ಗೊತ್ತಿರಬೇಕು. ಬಿಪಿಎಲ್ ಕಾರ್ಡ್ ಇರುವ ಕುಟುಂಬಕ್ಕೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ಚಿಕಿತ್ಸೆಯ ನೆರವಿದೆ. ಯಾವ ಔಷಧಿ ಅದರಲ್ಲಿ ಬರುತ್ತದೆ ಎಂದು ಶುರು ಮಾಡುವ ಮೊದಲೇ ಯೋಜನೆಯ ವಿಷಯ ನೋಡಿಕೊಳ್ಳಲು ಆಸ್ಪತ್ರೆಯಲ್ಲಿರುವ ಆರೋಗ್ಯಮಿತ್ರರನ್ನು ಕೇಳಿಕೊಳ್ಳುವುದು ಒಳ್ಳೆಯದು.

ಏಪ್ರಿಲ್ ಹೊತ್ತಿಗೆ ಅಕ್ಕನ ನಾಲ್ಕು ಸೈಕಲ್ ಮುಗಿದವು. ಸ್ಕ್ಯಾನಿನಲ್ಲಿ ಗೆಡ್ಡೆ ಅರ್ಧಕ್ಕಿಂತ ಕಡಿಮೆಯಾಗಿತ್ತು, ನೀರು ಮತ್ತೆ ತುಂಬಲಿಲ್ಲ, ಮಿದುಳಿನ ಚುಕ್ಕೆ ಕಾಣದಾಗಿತ್ತು. ಈಗ ದಿನಾ ಮಾತ್ರೆ, ಮೂರು ವಾರಕ್ಕೊಮ್ಮೆ ಪೆಮೆಟ್ರೆಕ್ಸೆಡ್. ಅದು ಹತ್ತು ನಿಮಿಷದ ಡ್ರಿಪ್. ಆದರೆ ರಕ್ತಪರೀಕ್ಷೆ, ವೈದ್ಯರ ಭೇಟಿ, ಔಷಧಿ ತಯಾರಾಗುವವರೆಗಿನ ಕಾಯುವಿಕೆ, ಹೋಗಿ ಬರುವ ಟ್ರಾಫಿಕ್ಕು ಸೇರಿ ಬೆಳಗಿನಿಂದ ಸಂಜೆಯವರೆಗೆ ಹಿಡಿಯುತ್ತದೆ. ಅಡುಗೆಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ ಇಪ್ಪತ್ತೊಂದು ದಿನಕ್ಕೊಂದರಂತೆ ಅಕ್ಕ ಕೆಂಪು ಸುತ್ತು ಹಾಕಿಡುತ್ತಾಳೆ. 2025ರ ನವೆಂಬರಿನಲ್ಲಿ ಒಂದು ಸುತ್ತು ಸರಿಯಾಗಿ ಕಡಲೆಕಾಯಿ ಪರಿಷೆಯ ಸೋಮವಾರದ ಮೇಲೆ ಬಿತ್ತು. ಮದುವೆಯಾಗಿ ಹನುಮಂತನಗರಕ್ಕೆ ಬಂದಾಗಿನಿಂದ ಅವಳು ಪರಿಷೆ ತಪ್ಪಿಸಿದವಳಲ್ಲ. ಸಂಕೋಚದಿಂದಲೇ ವೈದ್ಯರನ್ನು ಕೇಳಿದಳು. ಅವರು ಪೆನ್ನು ತೆಗೆದು ಗುರುವಾರಕ್ಕೆ ಬದಲಿಸಿ, ಮೂರು ದಿನದಿಂದ ಏನೂ ಆಗುವುದಿಲ್ಲ, ಜನ ಸೇರುವ ಮೊದಲು ಬೆಳಗ್ಗೆಯೇ ಹೋಗಿ, ಮಾಸ್ಕ್ ಹಾಕಿಕೊಳ್ಳಿ ಎಂದರು.

ಸೋಮವಾರ ಬೆಳಗ್ಗೆ ಆರೂವರೆಗೆ ನಾವಿಬ್ಬರೂ ರಾಮಕೃಷ್ಣ ಆಶ್ರಮದ ಕಡೆಯಿಂದ ಬಸವನಗುಡಿಯ ಏರನ್ನು ಹತ್ತಿದೆವು. ದೊಡ್ಡ ಬಸವಣ್ಣನ ಗುಡಿಯವರೆಗೂ ಅಕ್ಕ ಎಲ್ಲಿಯೂ ನಿಲ್ಲಲಿಲ್ಲ. ಬಂದ ದಾರಿಯಲ್ಲೇ ಹಿಂದಿರುಗುವಾಗ ಎರಡು ಚೀಲದಲ್ಲಿ ಎರಡು ಸೇರು ಹಸಿ ಕಡಲೆಕಾಯಿ ಕೊಂಡು, ಒಂದು ಕಾಯಿ ಬಿಡಿಸಿ ನನ್ನ ಕೈಗಿಟ್ಟಳು. ಇನ್ನೊಂದು ಚೀಲ ಗುರುವಾರ ಡೇ ಕೇರ್ ಸಿಸ್ಟರಿಗೆ ಎಂದಳು.